ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೂ ಜರ್ಮನ್, ಜಪಾನೀಸ್ ಕಲಿಯುವುದು ಹೇಗೆ?

"ಸರ್, ನಮ್ಮ ಇಂಗ್ಲಿಷೇ ನೆಟ್ಟಗಿಲ್ಲ. ಇನ್ನು ಜರ್ಮನ್ ಬರುತ್ತಾ?"

ಬಳ್ಳಾರಿಯ ನರ್ಸಿಂಗ್ ವಿದ್ಯಾರ್ಥಿನಿ ಕೇಳಿದರೂ ಇದೇ ಪ್ರಶ್ನೆ, ಕೊಪ್ಪಳದ ಡಿಪ್ಲೊಮಾ ಹುಡುಗ ಕೇಳಿದರೂ ಇದೇ ಪ್ರಶ್ನೆ. ರಾಯಚೂರಿನಿಂದ ಫೋನ್ ಮಾಡುವವರದ್ದೂ ಬೇರೆ ಇರುವುದಿಲ್ಲ. ಸಂಜೆ ಹೊತ್ತು ಜರ್ಮನ್ ಮತ್ತು ಆರಂಭದ ಜಪಾನೀಸ್ ಹೇಳಿಕೊಡುವ ನನಗೆ ಉತ್ತರ ಬಾಯಿಪಾಠ ಆಗಿದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಬರುತ್ತದೆ. ಕೆಲವು ವಿಷಯಗಳಲ್ಲಿ ಕನ್ನಡ ಮಾಧ್ಯಮದವರಿಗೆ ಬೇಗನೇ ಬರುತ್ತದೆ. ಯಾಕೆ ಅಂತ 4ನೇ ಹಂತದಲ್ಲಿದೆ. ಬೇರೆ ಯಾವುದನ್ನು ಹಾರಿಸಿದರೂ ಅದನ್ನು ಹಾರಿಸಬೇಡಿ.

ಮೊದಲು ಏನೇನು ಬೇಕು ನೋಡೋಣ. ಒಂದು ಫೋನು, ಒಂದು ಇಯರ್‌ಫೋನ್, 200 ಪುಟದ ಒಂದು ನೋಟ್‌ಬುಕ್, ದಿನಕ್ಕೆ 45 ನಿಮಿಷ, ಒಂದು ವರ್ಷ. ಇಂಗ್ಲಿಷ್ ಎಷ್ಟು ಬೇಕು ಅಂದರೆ, ಪಾಠದ ವಿವರಣೆ ನಿಧಾನಕ್ಕೆ ಓದಿ ಅರ್ಥ ಮಾಡಿಕೊಳ್ಳುವಷ್ಟು. ಹೆಚ್ಚಿನ ಪುಸ್ತಕಗಳ ವಿವರಣೆ ಇಂಗ್ಲಿಷಿನಲ್ಲೇ ಇರುತ್ತದೆ, ಅದಕ್ಕೆ. ಪಟಪಟ ಮಾತಾಡಲು ಬರಬೇಕಿಲ್ಲ.

1. ಭಾಷೆ ಆರಿಸಿ, ಒಂದೇ ಒಂದು

"ಯಾವ ಭಾಷೆ ಸುಲಭ?" ಅಂತ ಕೇಳಬೇಡಿ. "ಕಲಿತು ಎಲ್ಲಿ ಬಳಸುತ್ತೇನೆ?" ಅಂತ ಕೇಳಿಕೊಳ್ಳಿ.

ನರ್ಸಿಂಗ್ ಓದುತ್ತಿದ್ದು ಹೊರದೇಶಕ್ಕೆ ಹೋಗುವ ಮನಸ್ಸಿದ್ದರೆ ಜರ್ಮನ್ ನೋಡಿ. ಅಲ್ಲಿ ನರ್ಸ್ ಆಗಿ ಪೂರ್ಣ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟ ಕೇಳುತ್ತಾರೆ (ಬಿ2, ಎನ್4 ಅಂದರೆ ಏನು ಅಂತ 2ನೇ ಹಂತದಲ್ಲಿದೆ). ಪಿಯುಸಿ ಮುಗಿಸಿದವರು 'ಆಸ್‌ಬಿಲ್ಡುಂಗ್' ಎಂಬ ಮಾತು ಕೇಳಿರುತ್ತೀರಿ. ಅದು ಕಂಪನಿ ಅಥವಾ ಆಸ್ಪತ್ರೆಯಲ್ಲಿ ಸಂಬಳ ಪಡೆಯುತ್ತಾ ಕಸುಬು ಕಲಿಯುವ ತರಬೇತಿ. ಅದಕ್ಕೂ ಹೆಚ್ಚಾಗಿ ಬಿ1 ಬೇಕು. ಜಪಾನಿನಲ್ಲಿ ವೃದ್ಧರ ಆರೈಕೆಯಂಥ ಕೆಲಸಕ್ಕೆ ನುರಿತ ಕೆಲಸಗಾರರ ವೀಸಾ ಇದೆ. ಅದಕ್ಕೆ ಎನ್4 ಅಥವಾ ಅದಕ್ಕೆ ಸಮನಾದ ಜಪಾನೀಸ್ ಪರೀಕ್ಷೆ, ಜೊತೆಗೆ ಆ ಕೆಲಸದ್ದೇ ಪರೀಕ್ಷೆ. ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಕಡೆ ಕಣ್ಣಿಟ್ಟಿರುವ ಎಂಜಿನಿಯರಿಂಗ್ ಹುಡುಗರಿಗೆ ಒಂದು ಮಾತು. ಜೆಎಸ್‌ಡಬ್ಲ್ಯೂ ಸ್ಟೀಲ್‌ನಲ್ಲಿ ಜಪಾನಿನ ಜೆಎಫ್‌ಇ ಸ್ಟೀಲ್ ಪಾಲುದಾರ. ಹಾಗಂತ ಜಪಾನೀಸ್ ಬಂದ ತಕ್ಷಣ ಕೆಲಸ ಕೈಗೆ ಬರುವುದಿಲ್ಲ, ಮೊದಲು ನಿಮ್ಮ ಎಂಜಿನಿಯರಿಂಗ್ ಗಟ್ಟಿ ಇರಬೇಕು.

ಹಂಪಿಯಲ್ಲಿ ಗೈಡ್ ಆಗುವ ಆಸೆ ಇದ್ದರೆ ಫ್ರೆಂಚ್ ಅಥವಾ ಜರ್ಮನ್. ಮನೆಯಲ್ಲಿ ಉರ್ದು ಓದುವವರಿಗೆ ಅರೇಬಿಕ್ ಲಿಪಿ ಆಗಲೇ ಅರ್ಧ ಬಂದ ಹಾಗೆ. ರಾಯಚೂರು, ಬಳ್ಳಾರಿಯಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ, ಆದರೂ ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೊರಿಯನ್ ಧಾರಾವಾಹಿ ನೋಡಿ ಕೊರಿಯನ್ ಕಲಿಯುವ ಆಸೆ ಬಂದಿದೆಯಾ? ಅದೂ ಸರಿಯಾದ ಕಾರಣವೇ. ದಿನಾ ಕಿವಿಗೆ ಬೀಳುವ ಭಾಷೆ ಬೇಗ ಹತ್ತುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಗೆಳತಿ ಸೇರಿದಳು ಅಂತ ಸೇರುವುದು. ಇನ್ನೊಂದು, ಒಟ್ಟಿಗೆ ಎರಡು ಭಾಷೆ ಶುರು ಮಾಡುವುದು. ಮೂರನೇ ತಿಂಗಳಿಗೆ ಎರಡೂ ಬಿಟ್ಟಿರುತ್ತೀರಿ.

2. ಮೆಟ್ಟಿಲುಗಳ ಹೆಸರು ತಿಳಿದುಕೊಳ್ಳಿ

ಯುರೋಪಿನ ಭಾಷೆಗಳಿಗೆ ಆರು ಮೆಟ್ಟಿಲು: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಅಂದರೆ ಹೆಸರು, ಊರು, ಊಟ, ಸಮಯ, ಅಂಗಡಿಯಲ್ಲಿ ಬೆಲೆ ಕೇಳುವುದು. ಬಿ1 ಅಂದರೆ ಒಬ್ಬರೇ ಹೋಗಿ ಅಲ್ಲಿ ದಿನ ದೂಡಬಲ್ಲಿರಿ. ಸಿ2 ಅಂದರೆ ಹೆಚ್ಚುಕಡಿಮೆ ಅಲ್ಲಿಯವರ ಹಾಗೆ. ಜಪಾನೀಸ್‌ಗೆ ಐದು ಮೆಟ್ಟಿಲು, ಎಣಿಕೆ ಮಾತ್ರ ಉಲ್ಟಾ. ಎನ್5 ಕೆಳಗಿನದು, ಎನ್1 ಮೇಲಿನದು. ಈ ಪರೀಕ್ಷೆಯ ಹೆಸರು ಜೆಎಲ್‌ಪಿಟಿ. ಕೊರಿಯನ್‌ಗೆ ಟೋಪಿಕ್, ಫ್ರೆಂಚ್‌ಗೆ ಡೆಲ್ಫ್.

ಕಾಲೇಜು ಓದುತ್ತಾ ಮೊದಲ ವರ್ಷಕ್ಕೆ ಎ1 ಮುಗಿಸಿ ಎ2ಕ್ಕೆ ಕಾಲಿಡುವುದು, ಅಥವಾ ಎನ್5, ಇಷ್ಟೇ ಗುರಿ ಸಾಕು. "3 ತಿಂಗಳಲ್ಲಿ ಬಿ2" ಎಂಬ ಬೋರ್ಡ್ ಕಂಡರೆ ಆ ಮೆಟ್ಟಿಲನ್ನೇ ಹತ್ತಬೇಡಿ.

3. ಮೊದಲ ಮೂರು ವಾರ: ಬರೀ ಉಚ್ಚಾರ, ಲಿಪಿ

ಜಪಾನೀಸ್ ತೆಗೆದುಕೊಂಡವರು ಮೊದಲು ಹಿರಗಾನಾ ಕಲಿಯಿರಿ. ಮೂಲ ಅಕ್ಷರ 46. ಅವು ಇರುವ ಕ್ರಮ ನೋಡಿ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ನೋಡಿದ ಹಾಗಿದೆ ಅಲ್ವಾ? ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯ ಪ್ರಭಾವ ಅದು. ನಿಮ್ಮ ಕಾಗುಣಿತವೇ ಬೇರೆ ಬಟ್ಟೆ ಹಾಕಿಕೊಂಡು ಬಂದಿದೆ. ದಿನಕ್ಕೆ ಐದು ಅಕ್ಷರ ಬರೆದರೆ ಹತ್ತು ದಿನದಲ್ಲಿ ಮುಗಿಯುತ್ತದೆ. ಹೊರಗಿನ ಪದಗಳಿಗೆ ಬಳಸುವ ಕತಕಾನಾ ಎಂಬ ಇನ್ನೊಂದು ಲಿಪಿಗೆ ಮತ್ತೆ ಹತ್ತು ದಿನ.

ಕೊರಿಯನ್ ಲಿಪಿ ಹಂಗುಲ್ ಇನ್ನೂ ಸುಲಭ. ಮೂಲ ಅಕ್ಷರ 24. ಸೆಜೊಂಗ್ ದೊರೆ ಇದನ್ನು ರೂಪಿಸಿದ್ದು 1443ರಲ್ಲಿ. ಪರ್ಷಿಯಾದಿಂದ ಅಬ್ದುಲ್ ರಜಾಕ್ ನಮ್ಮ ವಿಜಯನಗರಕ್ಕೆ ಬಂದಿದ್ದೂ ಅದೇ ವರ್ಷ. ಇದು ಪರೀಕ್ಷೆಗೆ ಬರುವುದಿಲ್ಲ, ಸುಮ್ನೆ ಹೇಳಿದೆ.

ಜರ್ಮನ್‌ನಲ್ಲಿ ನಮಗೆ ಹೊಸದು ಚುಕ್ಕಿ ಇರುವ ಸ್ವರಗಳು. ಬಾಯಲ್ಲಿ 'ಈ' ಅನ್ನುತ್ತಾ ತುಟಿ ಮಾತ್ರ 'ಊ' ಅನ್ನುವ ಹಾಗೆ ದುಂಡಗೆ ಮಾಡಿ. ಅದು ಚುಕ್ಕಿ ಇರುವ 'ಯು'. 'ಏ' ಅನ್ನುತ್ತಾ ತುಟಿ 'ಓ' ಮಾಡಿದರೆ ಚುಕ್ಕಿ ಇರುವ 'ಒ'. ಕನ್ನಡಿ ಮುಂದೆ ಮಾಡಿ, ಮನೆಯವರು ನಕ್ಕರೆ ನಗಲಿ. ಇನ್ನು 'ವಿ' ಅಕ್ಷರ ಹೆಚ್ಚಾಗಿ 'ಫ', 'ಡಬ್ಲ್ಯೂ' ಅಕ್ಷರ 'ವ'. ರಸ್ತೆಯಲ್ಲಿ ಓಡುವ ಕಾರಿನ ಹೆಸರನ್ನು ಜರ್ಮನ್ನರು 'ಫೋಲ್ಕ್ಸ್‌ವಾಗನ್' ಅನ್ನುವುದು ಅದಕ್ಕೇ.

ಫ್ರೆಂಚ್ ಕಲಿಯುವವರಿಗೆ ಎಚ್ಚರಿಕೆ. ನಾವು ಬರೆದಂತೆ ಓದುವ ಜನ. ಅಲ್ಲಿ ಪದದ ಕೊನೆಯ ಅಕ್ಷರಗಳು ಎಷ್ಟೋ ಸಲ ಬಾಯಿಗೇ ಬರುವುದಿಲ್ಲ. ಮೊದಲು ಕೇಳಿ, ಆಮೇಲೆ ಬರಹ ನೋಡಿ.

ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಳ್ಳಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಜಪಾನೀಸ್‌ಗೆ ಮೊದಲ ಎರಡು ವಾರ ಧಾರಾಳವಾಗಿ ಬರೆದುಕೊಳ್ಳಿ, ಇಂಗ್ಲಿಷ್ ಅಕ್ಷರಕ್ಕಿಂತ ನಮ್ಮದೇ ಚೆನ್ನಾಗಿ ಹೊಂದುತ್ತದೆ. 'ಒಬಸನ್' ಅಂದರೆ ಚಿಕ್ಕಮ್ಮ, ಅತ್ತೆ. 'ಒಬಾಸನ್' ಅಂದರೆ ಅಜ್ಜಿ. 'ಕಿತೆ' ಅಂದರೆ ಬಂದು. 'ಕಿತ್ತೆ' ಅಂದರೆ ಅಂಚೆ ಚೀಟಿ. ಹ್ರಸ್ವ, ದೀರ್ಘ, ಒತ್ತಕ್ಷರ ಒಂದನೇ ತರಗತಿಯಿಂದ ತಿದ್ದಿದ ನಿಮಗೆ ಇದು ಕಷ್ಟವೇ ಅಲ್ಲ. ಇಂಗ್ಲಿಷಿನವರು ಇಲ್ಲೇ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಫ್ರೆಂಚ್, ಜರ್ಮನ್‌ಗೆ ಮಾತ್ರ ಕನ್ನಡದಲ್ಲಿ ಬರೆದುಕೊಳ್ಳಬೇಡಿ. ತಪ್ಪು ಉಚ್ಚಾರ ಕೂತುಬಿಡುತ್ತದೆ.

4. ವ್ಯಾಕರಣವನ್ನು ಕನ್ನಡದ ಮೂಲಕ ಹಿಡಿಯಿರಿ

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದೆ. ಅವರ ಲೆಕ್ಕದಲ್ಲಿ ಜಪಾನೀಸ್, ಕೊರಿಯನ್, ಚೈನೀಸ್, ಅರೇಬಿಕ್ ಅತಿ ಕಷ್ಟದ ಗುಂಪು. ಸುಮಾರು 2200 ಗಂಟೆ ತರಗತಿ ಬೇಕಂತೆ. ಇದನ್ನು ನೋಡಿ ಹೆದರಿದವರು ಬಹಳ ಜನ. ಆದರೆ ಆ ಲೆಕ್ಕ ಇಂಗ್ಲಿಷ್ ಮನೆಮಾತಿನವರದ್ದು, ನಿಮ್ಮದಲ್ಲ.

'ವತಾಶಿ ವ ಗೊಹನ್ ಒ ತಬೆಮಸ್.' ನಾನು ಅನ್ನವನ್ನು ತಿನ್ನುತ್ತೇನೆ. ಪದಗಳ ಸಾಲು ಒಂದೇ. 'ಒ' ನಮ್ಮ 'ಅನ್ನು'. 'ಬಳ್ಳಾರಿ ನಿ' ಅಂದರೆ ಬಳ್ಳಾರಿಗೆ, 'ಬಳ್ಳಾರಿ ಕರ' ಅಂದರೆ ಬಳ್ಳಾರಿಯಿಂದ. 'ವತಾಶಿ ಮೊ' ಅಂದರೆ ನಾನೂ. ಪ್ರಶ್ನೆ ಕೇಳಬೇಕಾದರೆ ಕೊನೆಗೆ 'ಕ' ಸೇರಿಸಿ: 'ಇಕಿಮಸ್ ಕ?' ಹೋಗ್ತೀರಾ? ನಮ್ಮ 'ಆ' ಮಾಡುವ ಕೆಲಸವೇ.

ಮುಂದೆ ಇನ್ನೂ ಮಜಾ ಇದೆ. 'ಒಕಿತೆ, ಕಾವೊ ಒ ಅರತ್ತೆ, ಒಚಾ ಒ ನೊಂದೆ, ಕಿಮಶಿತ.' ಎದ್ದು, ಮುಖ ತೊಳೆದು, ಚಹಾ ಕುಡಿದು, ಬಂದೆ. ಜಪಾನೀಸ್ ಪುಸ್ತಕಗಳಲ್ಲಿ ಇದನ್ನು 'ತೆ ರೂಪ' ಅಂತ ಕರೆದು ಪುಟಗಟ್ಟಲೆ ಇಂಗ್ಲಿಷಿನಲ್ಲಿ ವಿವರಿಸಿರುತ್ತಾರೆ. ನಿಮಗೆ ಒಂದು ಸಾಲು ಸಾಕು: ಇದು ನಮ್ಮ 'ಎದ್ದು, ತಿಂದು, ಹೋಗಿ'. 'ತಬೆತೆ ಮಿರು' ಅಂದರೆ ಪದಕ್ಕೆ ಪದ 'ತಿಂದು ನೋಡು'. ರುಚಿ ನೋಡುವುದಕ್ಕೆ ನಾವೂ 'ನೋಡು' ಅಂತೀವಿ, ಅವರೂ ಅಂತಾರೆ. 'ಕಿನೋ ಕತ್ತ ಹೊನ್' ಅಂದರೆ 'ನಿನ್ನೆ ಕೊಂಡ ಪುಸ್ತಕ'. ಇದನ್ನು ಇಂಗ್ಲಿಷಿಗೆ ಹಾಕಿದರೆ ಪುಸ್ತಕ ಮುಂದೆ ಬಂದು ನಿನ್ನೆ ಕೊನೆಗೆ ಹೋಗುತ್ತದೆ. ಮೊದಲು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಮತ್ತೆ ತಲೆಕೆಳಗು ಮಾಡುವ ಕಷ್ಟ ನಿಮಗ್ಯಾಕೆ? ಕೊರಿಯನ್ ವಾಕ್ಯವೂ ಹೆಚ್ಚುಕಡಿಮೆ ಇದೇ ಜಾಡು.

ಕಷ್ಟ ಇಲ್ಲವೇ ಇಲ್ಲ ಅಂತಲ್ಲ. ಕಾಂಜಿ ಇದೆ. ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ದಿನಬಳಕೆಯ ಅಧಿಕೃತ ಪಟ್ಟಿಯಲ್ಲೇ 2136 ಇವೆ. ಎನ್5ಗೆ ಸುಮಾರು 100 ಸಾಕು, ಉಳಿದದ್ದು ವರ್ಷಗಳ ಕೆಲಸ. 'ವ' ಮತ್ತು 'ಗ' ಎಂಬ ಎರಡು ಪ್ರತ್ಯಯಗಳ ವ್ಯತ್ಯಾಸವೂ ತಲೆ ತಿನ್ನುತ್ತದೆ. ಅಲ್ಲಿ ಕನ್ನಡ ನೆರವಿಗೆ ಬರುವುದಿಲ್ಲ.

ಈಗ ಜರ್ಮನ್. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಉ, ಅನ್ನು, ಇಂದ, ಗೆ... ಈಗ ಅದರಿಂದ ಲಾಭ ಬರುವ ಕಾಲ. ಜರ್ಮನ್‌ನಲ್ಲಿ ನಾಲ್ಕೇ ವಿಭಕ್ತಿ. ನೊಮಿನಾಟಿವ್ ನಮ್ಮ ಪ್ರಥಮಾ, ಅಕುಜಾಟಿವ್ ದ್ವಿತೀಯಾ, ದಾಟಿವ್ ಚತುರ್ಥಿ, ಗೆನಿಟಿವ್ ಷಷ್ಠಿ. ನೂರಕ್ಕೆ ನೂರು ಹೊಂದುವುದಿಲ್ಲ, ಆದರೆ ಹಿಡಿದುಕೊಳ್ಳಲು ಒಂದು ಗೂಟ ಸಿಗುತ್ತದೆ.

ಬಳ್ಳಾರಿ ಬಿಸಿಲಿಗೆ ತಕ್ಕ ಉದಾಹರಣೆ ಹೇಳುತ್ತೇನೆ. ನಾವು 'ನನಗೆ ಸೆಕೆ' ಅಂತೀವಿ. ಜರ್ಮನ್ನರೂ 'ಮಿಯರ್ ಇಸ್ಟ್ ಹೈಸ್' ಅಂತಾರೆ. 'ಮಿಯರ್' ಅಂದರೆ 'ನನಗೆ'. ಇಂಗ್ಲಿಷ್ ದಾರಿ ಹಿಡಿದು 'ನಾನು' ಅಂತ ಶುರು ಮಾಡಿ 'ಇಶ್ ಬಿನ್ ಹೈಸ್' ಅಂದರೆ ಅರ್ಥ ಬೇರೆಯೇ ಆಗಿ ಕೇಳಿದವರು ಮುಸಿಮುಸಿ ನಗುತ್ತಾರೆ. ಕನ್ನಡದಿಂದ ಹೋದರೆ ಮರ್ಯಾದೆ ಉಳಿಯುತ್ತದೆ. 'ದಾಸ್ ಗೆಫೆಲ್ಟ್ ಮಿಯರ್' ಅಂದರೆ 'ಅದು ನನಗೆ ಇಷ್ಟ'. ಇಲ್ಲೂ 'ನನಗೆ'. ನೀನು, ನೀವು ಎಂಬ ಭೇದವೂ ಇದೆ: 'ದು' ಮತ್ತು 'ಜೀ'. ಇಂಗ್ಲಿಷಿನ ಒಂದೇ 'ಯೂ' ನೋಡಿ ಅಪರಿಚಿತ ಹಿರಿಯರಿಗೆ 'ದು' ಅನ್ನಬೇಡಿ. ನಿಮ್ಮೂರಲ್ಲಿ ಮೇಷ್ಟ್ರಿಗೆ ನೀನು ಅಂದ ಹಾಗಾಗುತ್ತದೆ. ಫ್ರೆಂಚ್‌ನ 'ತು', 'ವೂ' ಕೂಡ ಹೀಗೆಯೇ.

ಕನ್ನಡ ಕೈ ಕೊಡುವುದು ಲಿಂಗದಲ್ಲಿ. ನಮ್ಮದು ಅರ್ಥ ನೋಡಿ ಲಿಂಗ. ಜರ್ಮನ್‌ನಲ್ಲಿ ಮೇಜು ಗಂಡು, ದೀಪ ಹೆಣ್ಣು, ಪುಸ್ತಕ ನಪುಂಸಕ. ಹುಡುಗಿ ಎಂಬ ಪದವೂ ನಪುಂಸಕ. 'ಕಿಂಟ್' ಎಂಬ ಪದ ಮಾತ್ರ ನಮ್ಮ 'ಮಗು ಅಳುತ್ತಿದೆ' ಎನ್ನುವಂತೆ ನಪುಂಸಕವೇ, ಅಷ್ಟು ಸಮಾಧಾನ. ಪರಿಹಾರ ಒಂದೇ. ಪದವನ್ನು ಒಂಟಿಯಾಗಿ ಕಲಿಯಬೇಡಿ. ಮುಂದಿನ ದೆರ್, ದೀ, ದಾಸ್ ಸೇರಿಸಿಯೇ ಬರೆಯಿರಿ, ಸೇರಿಸಿಯೇ ಹೇಳಿ. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು, ನಪುಂಸಕಕ್ಕೆ ಹಸಿರು ಪೆನ್ನು ಬಳಸಿದರೆ ಕಣ್ಣಿಗೂ ನೆನಪಿರುತ್ತದೆ.

ಹಾಗಾಗಿ ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ಹೊಸ ಭಾಷೆಯ ವಾಕ್ಯ, ಬಲಕ್ಕೆ ಕನ್ನಡ. ಅದೂ ಪುಸ್ತಕದ ಕನ್ನಡ ಅಲ್ಲ, ಮನೆಯಲ್ಲಿ ನೀವು ಆಡುವ ಕನ್ನಡ. ಇಂಗ್ಲಿಷ್‌ಗೆ ಕಾಲಂ ಬೇಡ.

5. ದಿನದ 45 ನಿಮಿಷ ಹೀಗೆ ಕಳೆಯಿರಿ

ಮೊದಲ 10 ನಿಮಿಷ ಹಳೆ ಪದ. ಮುಂದಿನ 20 ನಿಮಿಷ ಹೊಸ ಪಾಠ. 10 ನಿಮಿಷ ಕೇಳಿ, ಜೋರಾಗಿ ಹೇಳುವುದು. ಕೊನೆಗೆ 5 ನಿಮಿಷ ನಿಮ್ಮದೇ ಮೂರು ವಾಕ್ಯ ಬರೆಯುವುದು: ಇವತ್ತು ಏನು ತಿಂದೆ, ಯಾವ ಬಸ್ ತಪ್ಪಿತು, ನಾಳೆ ಏನಿದೆ.

ಪದಗಳಿಗೆ ಆಂಕಿ ಎಂಬ ಉಚಿತ ಆಪ್ ಬಳಸಿ. ಆಂಕಿ ಅಂದರೆ ಜಪಾನೀಸ್‌ನಲ್ಲಿ ಬಾಯಿಪಾಠ ಅಂತಲೇ ಅರ್ಥ. ಮರೆಯುವ ಹೊತ್ತಿಗೆ ಸರಿಯಾಗಿ ಅದೇ ಪದವನ್ನು ಮತ್ತೆ ಮುಂದಿಡುತ್ತದೆ. ಆಂಡ್ರಾಯ್ಡ್‌ನಲ್ಲಿ ದುಡ್ಡಿಲ್ಲ, ಐಫೋನ್‌ನಲ್ಲಿ ಕೊಡಬೇಕು. ಯಾರೋ ಮಾಡಿಟ್ಟ 2000 ಪದದ ಪಟ್ಟಿ ಇಳಿಸಿಕೊಳ್ಳಬೇಡಿ. ನಿಮ್ಮ ಪಾಠದಲ್ಲಿ ಬಂದ ಪದವನ್ನು ನೀವೇ ಹಾಕಿ, ದಿನಕ್ಕೆ 8 ಅಥವಾ 10. ಜಾಸ್ತಿ ಹಾಕಿದರೆ ಎರಡನೇ ವಾರಕ್ಕೆ ಬಾಕಿ ಗುಡ್ಡ ಆಗುತ್ತದೆ.

ಪದ ನೆನಪಿಡಲು ನಗು ಬರುವ ಕೊಕ್ಕೆ ಹಾಕಿಕೊಳ್ಳಿ. ಜಪಾನೀಸ್‌ನಲ್ಲಿ 'ಕಸ' ಅಂದರೆ ಕೊಡೆ. 'ಕತ್ತೆ ಕುದಸೈ' ಅಂದರೆ ದಯವಿಟ್ಟು ಕೊಂಡುಕೊಡಿ. ಜರ್ಮನ್‌ನಲ್ಲಿ ದಯವಿಟ್ಟು ಅನ್ನಲು 'ಬಿಟ್ಟೆ'. ಇವನ್ನು ಒಮ್ಮೆ ಕೇಳಿದ ಯಾವ ಹುಡುಗನೂ ಮರೆತಿಲ್ಲ.

ಆಟದಂತೆ ಕಲಿಸುವ ಆಪ್‌ಗಳು ಮಿರ್ಚಿ ಇದ್ದ ಹಾಗೆ. ವಗ್ಗರಣಿ ಜೊತೆ ಚೆನ್ನ, ಬರೀ ಅದರಲ್ಲೇ ಹೊಟ್ಟೆ ತುಂಬುವುದಿಲ್ಲ. ಸೆಮಿಸ್ಟರ್ ಪರೀಕ್ಷೆ ಬಂದಾಗ ಹೊಸ ಪಾಠ ನಿಲ್ಲಿಸಿ, ಆದರೆ ಹಳೆ ಪದದ 10 ನಿಮಿಷ ಮಾತ್ರ ಬಿಡಬೇಡಿ.

6. ಎಲ್ಲಿ ಕಲಿಯುವುದು

ಎ1, ಎನ್5ವರೆಗೆ ಒಂದು ರೂಪಾಯಿ ಖರ್ಚಿಲ್ಲದೆ ಕಲಿಯಬಹುದು. ಜರ್ಮನ್‌ಗೆ ಅಲ್ಲಿನ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ ಉಚಿತ ವಿಡಿಯೊ ಪಾಠಗಳು ಬಿ1ವರೆಗೂ ಇವೆ. ಜಪಾನೀಸ್‌ಗೆ ಜಪಾನ್ ಫೌಂಡೇಶನ್‌ನ 'ಇರೊದೊರಿ' ಪಠ್ಯ ಮತ್ತು ಧ್ವನಿ ಉಚಿತವಾಗಿ ಇಳಿಸಿಕೊಳ್ಳಬಹುದು, ಎನ್‌ಎಚ್‌ಕೆ ವರ್ಲ್ಡ್‌ನ ಸಣ್ಣ ಪಾಠಗಳೂ ಚೆನ್ನಾಗಿವೆ. ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ ಐಐಟಿಗಳ ಜರ್ಮನ್, ಜಪಾನೀಸ್ ಕೋರ್ಸುಗಳು ಬರುತ್ತವೆ. ಕಲಿಯಲು ಉಚಿತ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ.

ದುಡ್ಡು ಕೊಟ್ಟು ಕಲಿಯುವುದಾದರೆ ಜರ್ಮನ್‌ಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ (ಗೋಯೆಥೆ ಸಂಸ್ಥೆ ಅಂದರೂ ಇದೇ), ಫ್ರೆಂಚ್‌ಗೆ ಅಲಿಯಾನ್ಸ್ ಫ್ರಾನ್ಸೇಸ್. ಎರಡಕ್ಕೂ ಆನ್‌ಲೈನ್ ತರಗತಿ ಇದೆ. ರಾಯಚೂರಿನವರು ಬೆಂಗಳೂರು ಮರೆತು ಹೈದರಾಬಾದ್ ಕಡೆ ನೋಡಿ, ಅದೇ ಹತ್ತಿರ. ವಿದೇಶಿ ಭಾಷೆಗೆಂದೇ ಇರುವ ಕೇಂದ್ರೀಯ ವಿಶ್ವವಿದ್ಯಾಲಯ ಇಫ್ಲು ಅಲ್ಲಿದೆ. ರಾಮಕೃಷ್ಣ ಮಠ ನಡೆಸುವ ಭಾಷಾ ಸಂಸ್ಥೆಯೂ ಇದೆ.

ಊರಿನ ಕೋಚಿಂಗ್ ಸೆಂಟರ್ ಸೇರುವ ಮುಂಚೆ ಕೇಳಿ: ಕಲಿಸುವವರು ಸ್ವತಃ ಯಾವ ಮಟ್ಟ ಪಾಸಾಗಿದ್ದಾರೆ? ಒಂದು ಬ್ಯಾಚಿನಲ್ಲಿ ಎಷ್ಟು ಜನ? ಕಳೆದ ಬ್ಯಾಚಿನಲ್ಲಿ ಎಷ್ಟು ಜನ ಅಧಿಕೃತ ಪರೀಕ್ಷೆ ಬರೆದರು? ಉತ್ತರ ತಡವರಿಸಿದರೆ ಎದ್ದು ಬನ್ನಿ. ನಾನು ಕಲಿಯುವಾಗ ಒಂದು ಕಡೆ ಪೂರ್ತಿ ಫೀಸು ಮುಂಗಡ ಕಟ್ಟಿದ್ದೆ. ಎರಡನೇ ತಿಂಗಳಿಗೆ ಮೇಷ್ಟ್ರೇ ಇರಲಿಲ್ಲ. ಆದ್ದರಿಂದ ತಿಂಗಳು ತಿಂಗಳು ಕಟ್ಟಿ. ಕೋಚಿಂಗ್ ಸೆಂಟರ್ ಕೊಡುವ ಪತ್ರ ಬೇರೆ, ಪರೀಕ್ಷೆಯ ಸರ್ಟಿಫಿಕೇಟ್ ಬೇರೆ. ವೀಸಾಕ್ಕೆ ನಡೆಯುವುದು ಎರಡನೆಯದು. ಕೆಲಸ ಕೊಡಿಸುತ್ತೇನೆ ಎನ್ನುವ ಏಜೆಂಟರ ಕೈಗೆ ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಯಾವ ಕಾರಣಕ್ಕೂ ಕೊಡಬೇಡಿ. ಜೆರಾಕ್ಸ್ ಸಾಕು.

7. ಬಾಯಿ ಬಿಡಿ

ಮೂರನೇ ತಿಂಗಳಿಂದ ನೆರಳು ಅಭ್ಯಾಸ ಮಾಡಿ. ಆಡಿಯೊ ಹಾಕಿ, ಅರ್ಧ ಸೆಕೆಂಡು ಹಿಂದೆ ಅದರ ಜೊತೆಯೇ ಹೇಳುತ್ತಾ ಹೋಗುವುದು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ನಾಚಿಕೆ ಆಗುತ್ತದೆ, ಆದರೂ ಕೇಳಿ.

ನಮ್ಮ ಮೂರು ಜಿಲ್ಲೆಯವರಿಗೆ ಹಂಪಿ ಪಕ್ಕದಲ್ಲೇ ಇದೆ. ಹಂಪಿಯಿಂದ ತುಂಗಭದ್ರಾ ನದಿ ದಾಟಿದರೆ ಸಿಗುವ ಆನೆಗೊಂದಿ, ಸಣಾಪುರ ಕೊಪ್ಪಳ ಜಿಲ್ಲೆಯದ್ದೇ. ಚಳಿಗಾಲದಲ್ಲಿ ಅಲ್ಲಿ ವಿದೇಶಿಯರು ಸಿಗುತ್ತಾರೆ. ಆದರೆ ಬಿಳಿ ಮುಖ ಕಂಡ ಕೂಡಲೇ ಮುಗಿಬೀಳಬೇಡಿ. ಅವರು ಬಂದಿರುವುದು ರಜೆಗೆ. ಮೊದಲು ನಮಸ್ಕಾರ, ಆಮೇಲೆ ಯಾವ ದೇಶ ಅಂತ ಕೇಳಿ, ಎರಡು ವಾಕ್ಯ ನೀವು ಕಲಿಯುತ್ತಿರುವ ಭಾಷೆಯಲ್ಲಿ ಆಡಿ. ಅವರು ಇಂಗ್ಲಿಷಿಗೆ ಜಾರುತ್ತಾರೆ, ಅದು ಗ್ಯಾರಂಟಿ. ಆಗ 'ಬಿಟ್ಟೆ ಲಾಂಗ್ಸಾಮ್' ಅನ್ನಿ, ದಯವಿಟ್ಟು ನಿಧಾನ ಅಂತ. ಐದು ನಿಮಿಷ ಮಾತಾಡಿದರೆ ಅದೇ ದೊಡ್ಡದು.

ತಪ್ಪಾಡುವ ಭಯ ಜಾಸ್ತಿ ಇರುವವರಿಗೆ ಒಂದು ವಿಷಯ. 1810ರಲ್ಲಿ ಜಾನ್ ಹ್ಯಾಂಡ್ಸ್ ಎಂಬ ಇಂಗ್ಲಿಷ್ ಪಾದ್ರಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಕೈಯಲ್ಲಿ ಆಪ್ ಇರಲಿಲ್ಲ. ಅವರ ಮೊದಲ ತಿಂಗಳ ಕನ್ನಡ ಕೇಳಿ ಪೇಟೆಯವರು ಎಷ್ಟು ನಕ್ಕಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

8. ಪರೀಕ್ಷೆ

ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲಿ ಕೇಂದ್ರ ಇದೆ. ಅರ್ಜಿ ತಿಂಗಳುಗಳ ಮುಂಚೆಯೇ ತೆರೆದು ಬೇಗ ಮುಚ್ಚುತ್ತದೆ, ಸೀಟು ತುಂಬಿದರೆ ಮುಂದಿನ ಸಲ. ಎನ್5ರಲ್ಲಿ 180ಕ್ಕೆ 80 ಬಂದರೆ ಪಾಸು. ಆದರೆ ಕೇಳುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು. ಒಟ್ಟು 110 ತೆಗೆದು ಕೇಳುವುದರಲ್ಲಿ 17 ಬಂದರೆ ಫೇಲು. ಇದರಲ್ಲಿ ಮಾತಾಡುವ ಪರೀಕ್ಷೆ ಇಲ್ಲ. ಗೋಯೆಥೆ ಸಂಸ್ಥೆಯ ಜರ್ಮನ್ ಎ1ರಲ್ಲಿ ಓದು, ಕೇಳು, ಬರೆ, ಮಾತಾಡು ನಾಲ್ಕೂ ಇವೆ, 100ಕ್ಕೆ 60 ಬೇಕು. ಡೆಲ್ಫ್ ಎ1ರಲ್ಲಿ 100ಕ್ಕೆ 50, ಆದರೆ ಪ್ರತಿ ಭಾಗದಲ್ಲಿ 25ಕ್ಕೆ 5 ಇರಲೇಬೇಕು.

ನಮ್ಮ ಹುಡುಗರು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ', ಆಧಾರ್‌ನಲ್ಲಿ ಅಪ್ಪನ ಹೆಸರೂ ಸೇರಿದೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಪರೀಕ್ಷೆ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ, ಅಕ್ಷರಕ್ಕೆ ಅಕ್ಷರ. ಹೊರದೇಶದ ಯೋಚನೆ ಇದ್ದು ಇನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲವೆಂದರೆ ಮೊದಲು ಅದನ್ನು ಮಾಡಿಸಿ.

ಬೆಂಗಳೂರಿಗೆ ಕೊಪ್ಪಳ, ಬಳ್ಳಾರಿಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಇಳಿಯಬಹುದು. ಆದರೆ ಪರೀಕ್ಷೆಯ ದಿನ ಬೆಳಗ್ಗೆ ಇಳಿಯುವ ಲೆಕ್ಕ ಹಾಕಬೇಡಿ, ಒಂದು ದಿನ ಮೊದಲೇ ಹೋಗಿ. ಕೇಳುವ ಪರೀಕ್ಷೆ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ನಿದ್ದೆಗೆಟ್ಟ ಕಿವಿಗೆ ಸ್ಪೀಕರ್‌ನ ಮಾತು ಸರಿಯಾಗಿ ಹತ್ತುವುದೂ ಇಲ್ಲ.

ಡಿಸೆಂಬರ್‌ನ ಜೆಎಲ್‌ಪಿಟಿ ಫಲಿತಾಂಶ ಆನ್‌ಲೈನ್‌ನಲ್ಲಿ ಬರುವುದು ಜನವರಿ ಕೊನೆಯ ಹೊತ್ತಿಗೆ. ಹೆಚ್ಚಿನವರು ಈ ಏಳೆಂಟು ವಾರ ಪುಸ್ತಕ ಮುಚ್ಚಿಟ್ಟು ಕಾಯುತ್ತಾರೆ, ಅಷ್ಟರಲ್ಲಿ ಅರ್ಧ ಕಾಂಜಿ ಹಾರಿಹೋಗಿರುತ್ತದೆ. ಊರಿಗೆ ವಾಪಸ್ ಬರುವ ರೈಲಿನಲ್ಲೇ ಆಂಕಿ ತೆರೆದು ಅವತ್ತಿನ ಬಾಕಿ ಮುಗಿಸಿಕೊಳ್ಳಿ.